ಲಾರಿಯ ಎಡಗಡೆ ಯಾರ ಕಣ್ಣು?

ಲಂಡನ್ನಿನಲ್ಲೂ ಗಾಡಿಗಳು ನಮ್ಮಲ್ಲಿಯ ಹಾಗೆ ರಸ್ತೆಯ ಎಡಕ್ಕೇ ಓಡುತ್ತವೆ. ಡ್ರೈವರ್ ಕೂರುವುದೂ ಬಲಗಡೆ. ಹಾಗಾಗಿ ದೊಡ್ಡ ಲಾರಿಯ ಬ್ಲೈಂಡ್ ಸ್ಪಾಟ್, ಅಂದರೆ ಡ್ರೈವರ್ ಕಣ್ಣಿಗೆ ಬೀಳದ ಜಾಗ, ಇಲ್ಲೂ ಅಲ್ಲೂ ಒಂದೇ. ಎಡಗಡೆ ಬಾಗಿಲ ಪಕ್ಕ, ಮತ್ತೆ ಮುಂದಿನ ಬಂಪರಿನ ಬುಡ. ಸೈಕಲ್ ತುಳಿಯುವವರು ಇರುವುದೂ ಅದೇ ಎಡ ಅಂಚಿನಲ್ಲಿ. ನಾನು ಇಲ್ಲಿ ಲಂಡನ್ನಿನಲ್ಲಿ ದಿನಾ ಕೆಲಸಕ್ಕೆ ಸೈಕಲ್‌ನಲ್ಲೇ ಹೋಗುತ್ತೇನೆ. ರಜೆಗೆ ಕರ್ನಾಟಕಕ್ಕೆ ಬಂದಾಗಲೂ ಕಣ್ಣು ಮೊದಲು ಹೋಗುವುದು ಲಾರಿಯ ಎಡಗಡೆಗೆ. ಆ ಜಾಗ ನೋಡಿಕೊಳ್ಳುವ ಕೆಲಸ ಯಾರದ್ದು ಅನ್ನುವ ಪ್ರಶ್ನೆಗೆ ಎರಡೂ ಕಡೆ ಬೇರೆ ಬೇರೆ ಉತ್ತರ ಇದೆ.

ಅಪಘಾತ ಆಗುವ ರೀತಿ ಗೊತ್ತಿದ್ದರೆ ಈ ಪ್ರಶ್ನೆ ಯಾಕೆ ಮುಖ್ಯ ಅಂತ ತಿಳಿಯುತ್ತದೆ. ಉದ್ದದ ಲಾರಿ ಎಡಕ್ಕೆ ತಿರುಗಬೇಕಾದರೆ ಮೊದಲು ಸ್ವಲ್ಪ ಬಲಕ್ಕೆ ಹೋಗುತ್ತದೆ. ಎಡಗಡೆ ಜಾಗ ಬಿಟ್ಟಂತೆ ಕಾಣುತ್ತದೆ. ಸೈಕಲ್ ಸವಾರ ನೇರ ಹೋಗಲು ಅಲ್ಲಿ ನುಗ್ಗುತ್ತಾನೆ. ಅಷ್ಟರಲ್ಲಿ ಲಾರಿ ತಿರುಗುತ್ತದೆ. ಮುಂದಿನ ಚಕ್ರ ಹೋದ ದಾರಿಯಲ್ಲಿ ಹಿಂದಿನ ಚಕ್ರ ಬರುವುದಿಲ್ಲ, ಮೂಲೆಯನ್ನು ಒಳಗಿನಿಂದ ಕತ್ತರಿಸಿಕೊಂಡು ಬರುತ್ತದೆ. ಜಾಗ ಮುಚ್ಚಿಹೋಗುತ್ತದೆ. ಒಂದು ಪಕ್ಕ ಲಾರಿ, ಇನ್ನೊಂದು ಪಕ್ಕ ಫುಟ್‌ಪಾತ್ ಕಲ್ಲು. ಹಿಂದಿನ ಚಕ್ರದ ಕೆಳಗೆ ಹೆಲ್ಮೆಟ್ ಏನೂ ಮಾಡಲಾರದು.

ನಮ್ಮಲ್ಲಿ ಇದಕ್ಕೆ ಒಂದು ಒಳ್ಳೆಯ ಉಪಾಯ ಮೊದಲಿನಿಂದ ಇತ್ತು, ಕ್ಲೀನರ್. ಎಡ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ, ಬಾಗಿಲು ಬಡಿಯುತ್ತಾ 'ಬರ್ಲಿ ಬರ್ಲಿ' ಅನ್ನುವ ಹುಡುಗ. ಬಸ್ಸಿನಲ್ಲಾದರೆ ಕಂಡಕ್ಟರ್. ಅವರು 'ಹೋಲ್ಡಾನ್' ಅಂದರೆ ಬಸ್ ನಿಂತಿತು, 'ರೈಟ್' ಅಂದರೆ ಹೊರಟಿತು. ಇವರನ್ನು ನಾವು ಸಹಾಯಕರು ಅಂತಷ್ಟೇ ನೋಡಿದೆವು. ನನ್ನ ಪ್ರಕಾರ ಅವರು ಗಾಡಿಯ ಎಡಗಣ್ಣು. ಈಗ ಖರ್ಚು ಉಳಿಸಲು ಎಷ್ಟೋ ಲಾರಿಗಳಲ್ಲಿ ಡ್ರೈವರ್ ಒಬ್ಬರೇ ಇರುತ್ತಾರೆ. ಕ್ಲೀನರ್ ಹೋದರು, ಅವರ ಜಾಗಕ್ಕೆ ಕ್ಯಾಮೆರಾನೂ ಬರಲಿಲ್ಲ, ಸೆನ್ಸರೂ ಬರಲಿಲ್ಲ. ಅಲ್ಲಿ ಖಾಲಿ ಸೀಟ್ ಇದೆ ಅಷ್ಟೇ.

ಲಂಡನ್ನಿನಲ್ಲಿ ಎಲ್ಲ ಮೊದಲಿಂದಲೂ ಸರಿಯಿತ್ತು ಅಂತಲ್ಲ. 2013ರ ನವೆಂಬರ್‌ನಲ್ಲಿ ಎರಡು ವಾರದೊಳಗೆ ಆರು ಜನ ಸೈಕಲ್ ಸವಾರರು ಇಲ್ಲಿ ಸತ್ತರು. 2015ರಿಂದ 2017ರವರೆಗೆ ಸೈಕಲ್ ಸವಾರರು ಸತ್ತ ಅಪಘಾತಗಳಲ್ಲಿ 63 ಶೇಕಡಾದಲ್ಲಿ ದೊಡ್ಡ ಲಾರಿಗಳಿದ್ದವು. ನಗರದಲ್ಲಿ ಗಾಡಿಗಳು ಓಡುವ ಒಟ್ಟು ದೂರದಲ್ಲಿ ಲಾರಿಗಳ ಪಾಲು ಬರೀ 4 ಶೇಕಡಾ. ಆಗಲೂ ಮೊದಲು ಕೇಳಿಬಂದದ್ದು 'ಸೈಕಲ್‌ನವರು ಹುಷಾರಾಗಿರಬೇಕು' ಅನ್ನುವ ಮಾತೇ. ಲಾರಿಗಳ ಹಿಂದೆ ಎಚ್ಚರಿಕೆಯ ಸ್ಟಿಕ್ಕರ್ ಬಂದವು. ಪೊಲೀಸರು ಸೈಕಲ್ ಸವಾರರನ್ನು ಕರೆದು ಲಾರಿಯ ಡ್ರೈವರ್ ಸೀಟಿನಲ್ಲಿ ಕೂರಿಸಿ ತೋರಿಸುತ್ತಿದ್ದರು.

ಹಾಗೊಮ್ಮೆ ನಾನೂ ಹತ್ತಿ ಕೂತಿದ್ದೆ. ನೆಲ ತುಂಬಾ ಕೆಳಗೆ ಉಳಿಯುತ್ತದೆ. ಎಡ ಕಿಟಕಿಯ ಕೆಳ ಅಂಚೇ ರಸ್ತೆಯಲ್ಲಿ ನಿಂತವರ ತಲೆಗಿಂತ ಮೇಲಿರುತ್ತದೆ. ಹಳದಿ ಜಾಕೆಟ್ ಹಾಕಿದ ಪೊಲೀಸ್ ಒಬ್ಬರು ಸೈಕಲ್ ಹಿಡಿದು ಎಡ ಬಾಗಿಲ ಪಕ್ಕ ಬಂದು ನಿಂತರು. ಕಿಟಕಿಯಲ್ಲಿ ಅವರು ಕಾಣಲಿಲ್ಲ. ಕನ್ನಡಿಗಳನ್ನು ಒಂದೊಂದಾಗಿ ನೋಡುತ್ತಾ ಹೋದೆ. ಕೊನೆಗೆ ಒಂದರ ಮೂಲೆಯಲ್ಲಿ ಸೊಟ್ಟಗೆ, ಚಿಕ್ಕದಾಗಿ ಹಳದಿ ಬಣ್ಣ ಸಿಕ್ಕಿತು. ನಿಂತ ಲಾರಿಯಲ್ಲೇ ಹೀಗೆ. ಟ್ರಾಫಿಕ್ಕಿನಲ್ಲಿ, ಮಳೆಯಲ್ಲಿ, ಸಿಗ್ನಲ್ ಹಸಿರಾದ ಕೂಡಲೇ ಹಿಂದಿನವರು ಹಾರ್ನ್ ಹೊಡೆಯುವಾಗ ಒಬ್ಬ ಡ್ರೈವರ್ ಎಷ್ಟು ಕನ್ನಡಿ ನೋಡಲು ಸಾಧ್ಯ? ಡ್ರೈವರನ್ನೇ ಎಲ್ಲದಕ್ಕೂ ಬೈಯುವುದು ಅನ್ಯಾಯ ಅಂತ ನನಗೆ ಗಟ್ಟಿಯಾಗಿ ಅನಿಸಿದ್ದು ಅಲ್ಲೇ.

ಆಮೇಲೆ ಇಲ್ಲಿಯವರು ಹಿಡಿದ ದಾರಿ ನನಗೆ ಇಷ್ಟ. ಅವರು ಲಾರಿಯನ್ನೇ ಪ್ರಶ್ನೆ ಕೇಳಿದರು. ಕನ್ನಡಿ, ಕ್ಯಾಮೆರಾ ಪಕ್ಕಕ್ಕಿಡಿ, ಕಿಟಕಿಗಳಿಂದ ಬರಿಗಣ್ಣಿಗೆ ಎಷ್ಟು ಕಾಣುತ್ತದೆ? ಅದರ ಮೇಲೆ ಸೊನ್ನೆಯಿಂದ ಐದರವರೆಗೆ ಸ್ಟಾರ್ ಕೊಡುತ್ತಾರೆ. ಇದಕ್ಕೆ ಡೈರೆಕ್ಟ್ ವಿಷನ್ ಸ್ಟಾಂಡರ್ಡ್ ಅಂತ ಹೆಸರು. 12 ಟನ್‌ಗಿಂತ ದೊಡ್ಡ ಲಾರಿ ಲಂಡನ್ನಿಗೆ ಬರಬೇಕಾದರೆ ಪರ್ಮಿಟ್ ಬೇಕು, ಹಗಲಾಗಲಿ ರಾತ್ರಿಯಾಗಲಿ. 2021ರ ಮಾರ್ಚ್‌ನಿಂದ ಇದನ್ನು ಕಟ್ಟುನಿಟ್ಟಾಗಿ ನೋಡುತ್ತಿದ್ದಾರೆ. ಪರ್ಮಿಟ್ ಇಲ್ಲದಿದ್ದರೆ 550 ಪೌಂಡ್ ದಂಡ. 2024ರ ಅಕ್ಟೋಬರ್‌ನಿಂದ ಕನಿಷ್ಠ ಮೂರು ಸ್ಟಾರ್ ಇರಬೇಕು. ಇಲ್ಲದಿದ್ದರೆ ಎಡಗಡೆಗೆ ಕ್ಯಾಮೆರಾ, ಪಕ್ಕದಲ್ಲಿ ಜನ ಇದ್ದರೆ ಎಚ್ಚರಿಸುವ ಸೆನ್ಸರ್, ಮುಂದೆ ಯಾರಾದರೂ ಇದ್ದರೆ ಹೊರಡುವ ಮೊದಲೇ ತಿಳಿಸುವ ವ್ಯವಸ್ಥೆ, ಚಕ್ರದ ಕೆಳಗೆ ಹೋಗದಂತೆ ಪಕ್ಕದ ತಡೆ, ಇವೆಲ್ಲ ಹಾಕಿಸಬೇಕು.

ಬರಿಗಣ್ಣಿಗೆ ಯಾಕೆ ಇಷ್ಟು ಬೆಲೆ? ಇಲ್ಲಿ ನಡೆದ ಅಧ್ಯಯನದಲ್ಲಿ, ಕನ್ನಡಿಯಲ್ಲಿ ನೋಡಿ ಬ್ರೇಕ್ ಹಾಕುವುದಕ್ಕಿಂತ ನೇರ ಕಂಡಾಗ 0.7 ಸೆಕೆಂಡ್ ಬೇಗ ಪ್ರತಿಕ್ರಿಯೆ ಬಂತು. ಗಂಟೆಗೆ 24 ಕಿಲೋಮೀಟರ್ ವೇಗದಲ್ಲಿ ಅಷ್ಟು ಹೊತ್ತಿಗೆ ಲಾರಿ ಸುಮಾರು 4.7 ಮೀಟರ್ ಮುಂದೆ ಹೋಗಿರುತ್ತದೆ. ಎರಡು ಸೈಕಲ್ ಉದ್ದಕ್ಕಿಂತ ಜಾಸ್ತಿ! ಇಲ್ಲಿಯ ಹೊಸ ಕಸದ ಲಾರಿಗಳಲ್ಲಿ ಡ್ರೈವರ್ ಬಸ್ಸಿನಲ್ಲಿ ಕೂತಷ್ಟೇ ಕೆಳಗೆ ಕೂರುತ್ತಾರೆ, ಎಡ ಬಾಗಿಲಿಗೆ ದೊಡ್ಡ ಗಾಜು. ಸಿಗ್ನಲ್‌ನಲ್ಲಿ ಪಕ್ಕಕ್ಕೆ ಹೋದರೆ ಡ್ರೈವರ್ ಮುಖ ಕಾಣುತ್ತದೆ, ಅವರು ತಲೆಯಾಡಿಸುತ್ತಾರೆ. ಆ ಸಣ್ಣ ತಲೆಯಾಡಿಕೆಯಿಂದ ಸಿಗುವ ಧೈರ್ಯ ಯಾವ ಸ್ಟಿಕ್ಕರಿನಿಂದಲೂ ನನಗೆ ಸಿಕ್ಕಿಲ್ಲ.

ಇದನ್ನೆಲ್ಲ ಹೇಳಿದರೆ ಊರಿನ ಗೆಳೆಯರು ನಮ್ಮ ಸೈಕಲ್‌ನವರಿಗೆ ಶಿಸ್ತಿಲ್ಲ ಅನ್ನುತ್ತಾರೆ. ಸವಾರರು ಕಲಿಯಬೇಕಾದ್ದು ಇದೆ, ಒಪ್ಪುತ್ತೇನೆ. ನಿಂತ ಲಾರಿಯ ಎಡಕ್ಕೆ ನುಗ್ಗಬೇಡಿ, ಹಿಂದೆಯೇ ನಿಲ್ಲಿ. ಕನ್ನಡಿಯಲ್ಲಿ ಡ್ರೈವರ್ ಮುಖ ನಿಮಗೆ ಕಾಣದಿದ್ದರೆ ನೀವು ಅವರಿಗೆ ಕಾಣುತ್ತಿಲ್ಲ ಅಂತಲೇ ತಿಳಿಯಿರಿ. ಆದರೆ ಎಷ್ಟೋ ಸಲ ಸವಾರ ನುಗ್ಗುವುದೇ ಇಲ್ಲ ಅಲ್ವಾ, ಲಾರಿಯೇ ಹಿಂದಿನಿಂದ ಬಂದು ಪಕ್ಕದಲ್ಲಿ ನಿಲ್ಲುತ್ತದೆ. 2006-07ರಿಂದ ನಮ್ಮ ಸರ್ಕಾರ ಹೈಸ್ಕೂಲ್ ಮಕ್ಕಳಿಗೆ ಸೈಕಲ್ ಹಂಚತೊಡಗಿತು. ಅದು ಒಳ್ಳೆಯ ಯೋಜನೆ. ಆ ಮಕ್ಕಳು ತುಳಿದದ್ದು ಜಲ್ಲಿ ಲಾರಿ, ಕಬ್ಬಿನ ಲಾರಿ ಓಡುವ ರಸ್ತೆಯಲ್ಲೇ. ಹದಿಮೂರು ವರ್ಷದ ಹುಡುಗಿಗೆ ಶಿಸ್ತಿನ ಪಾಠ ಹೇಳಿ ಕೈತೊಳೆದುಕೊಳ್ಳುವುದು ಸರಿಯಲ್ಲ.

ಎಲ್ಲ ಲಾರಿಗಳನ್ನೂ ಒಂದೇ ಸಲ ಬದಲಿಸಿ ಅಂತ ಯಾರೂ ಕೇಳುತ್ತಿಲ್ಲ. ಒಂದೇ ಗಾಡಿ ಇಟ್ಟುಕೊಂಡು ಸಾಲ ಕಟ್ಟುವ ಮಾಲೀಕರಿಗೆ ಅದು ಆಗದ ಮಾತು. ಶುರು ಮಾಡಬೇಕಾದ್ದು ನಮ್ಮ ತೆರಿಗೆ ದುಡ್ಡಿನಲ್ಲಿ ಓಡುವ ಗಾಡಿಗಳಿಂದ. ಪಾಲಿಕೆಯ ಕಸದ ಲಾರಿ, ಸರ್ಕಾರಿ ಕಾಮಗಾರಿಗೆ ಮಣ್ಣು ಹೊರುವ ಟಿಪ್ಪರ್, ಕಾಂಕ್ರೀಟ್ ಮಿಕ್ಸರ್. ಎಡಗಡೆಗೆ ಕ್ಯಾಮೆರಾ ಮತ್ತು ಸೆನ್ಸರ್, ಚಕ್ರಗಳ ನಡುವೆ ಗಟ್ಟಿಯಾದ ತಡೆ ಇರಲೇಬೇಕು ಅಂತ ಟೆಂಡರಿನಲ್ಲಿ ಬರೆಯಲಿ, ಇಲ್ಲದ ಗಾಡಿಯ ಬಿಲ್ ತಡೆಹಿಡಿಯಲಿ. ಅದು ಆಗುವವರೆಗೆ, ಎಡ ಸೀಟಿನಲ್ಲಿ ಕ್ಲೀನರ್ ಇಲ್ಲದ ಟಿಪ್ಪರನ್ನು ಸ್ಕೂಲ್ ಶುರುವಾಗುವ ಮತ್ತು ಬಿಡುವ ಹೊತ್ತಿಗೆ ಊರೊಳಗೆ ಬಿಡಬಾರದು.