ಸೊಳ್ಳೆಗೂ ಒಂದು ದರಪಟ್ಟಿ

2024ರ ಸೆಪ್ಟೆಂಬರಿನಲ್ಲಿ ನಮ್ಮ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿತು. ಜೊತೆಗೆ ದಂಡದ ಪಟ್ಟಿಯೂ ಬಂತು. ಮನೆಯಲ್ಲಿ ಸೊಳ್ಳೆ ಬೆಳೆಯಲು ಬಿಟ್ಟರೆ ನಗರದಲ್ಲಿ 400 ರೂಪಾಯಿ, ಹಳ್ಳಿಯಲ್ಲಿ 200. ಕಟ್ಟಡ ಕಟ್ಟಿಸುವವರಿಗೆ 2000 ಮತ್ತು 1000. ಹಳ್ಳಿ ಸೊಳ್ಳೆಗೆ ಅರ್ಧ ರೇಟು. ಅದು ಕಚ್ಚುವುದೂ ಅರ್ಧ ಇರಬೇಕು, ಅಲ್ವಾ?

ಒಳ್ಳೆ ಪ್ರಜೆಯಾಗಿ ನಾನೂ ಹೂಕುಂಡದ ತಟ್ಟೆ ಒಣಗಿಸಿದೆ. ಫ್ರಿಜ್ಜಿನ ಹಿಂದಿನ ಟ್ರೇ ತೊಳೆದೆ. ಆಮೇಲೆ ಹಾಲು ತರಲು ಹೊರಟರೆ ದಾರಿಯಲ್ಲಿ ಪೊಲೀಸ್ ಠಾಣೆ. ಪಕ್ಕದಲ್ಲೇ ಜಪ್ತಿಯಾದ ಗಾಡಿಗಳ ರಾಶಿ. ಚಕ್ರ ಕಳಚಿದ ಆಟೋ, ಅದರ ಮೇಲೆ ಎರಡು ಟೈರು, ಟೈರಿನೊಳಗೆ ಹೋದ ವಾರದ ಮಳೆನೀರು. ಬಗ್ಗಿ ನೋಡಿದೆ. ಮರಿಗಳು ತಲೆಕೆಳಗಾಗಿ ನೇತಾಡುತ್ತಾ ಚೆನ್ನಾಗಿ ಆಟವಾಡುತ್ತಿದ್ದವು.

ಬಾಗಿಲಲ್ಲಿ ಕಾಲು ಕೆರೆದುಕೊಳ್ಳುತ್ತಿದ್ದ ಪೇದೆಗೆ ಹೇಳಿದೆ.

"ಸಾರ್, ಆ ಟೈರಲ್ಲಿ ಸೊಳ್ಳೆ ಮರಿ ಇದಾವೆ."

"ಮುದ್ದೇಮಾಲು ಸ್ವಾಮಿ. ಕೋರ್ಟ್ ಆರ್ಡರ್ ಇಲ್ದೆ ಮುಟ್ಟಂಗಿಲ್ಲ."

ಕೇಸು ಮುಗಿಯುವವರೆಗೆ ಮರಿಗಳಿಗೂ ಕಾನೂನಿನ ರಕ್ಷಣೆ! ಕಾಯುವುದೂ ಅವಕ್ಕೆ ಕಷ್ಟವಲ್ಲ. ಡೆಂಗಿ ಹರಡುವ ಈಡಿಸ್ ಸೊಳ್ಳೆಯ ಮೊಟ್ಟೆ ನೀರು ಆರಿದರೂ ಟೈರಿನ ಒಳಗೋಡೆಗೆ ಅಂಟಿಕೊಂಡು ತಿಂಗಳುಗಟ್ಟಲೆ ಬದುಕಿರುತ್ತದೆ. ವಾಯಿದೆ ಮೇಲೆ ವಾಯಿದೆ ಬಿದ್ದರೂ ಬೇಸರಪಡದ ಕಕ್ಷಿದಾರ ಇದೊಂದೇ.

ಈಗ ಬಿಸಿಲೂ ಅದರ ಪರ ವಕೀಲ. ಸೆಕೆ ಏರಿದರೆ ಸೊಳ್ಳೆಯ ಮೈಯಲ್ಲಿ ವೈರಸ್ ಬೇಗ ಬಲಿಯುತ್ತದೆ, ತಂಪಿನ ಊರುಗಳ ಬಾಗಿಲೂ ತೆರೆಯುತ್ತದೆ. ನೇಪಾಳದಲ್ಲಿ ಮೊದಲ ಡೆಂಗಿ ದಾಖಲಾಗಿದ್ದೇ 2004ರಲ್ಲಿ. ಈಗ ಸುಮಾರು 1400 ಮೀಟರ್ ಎತ್ತರದ ಕಠ್ಮಂಡುವಿನಲ್ಲೂ ಅದು ಹೊಸದಲ್ಲ. ನಮ್ಮವರ ಕ್ಯಾಲೆಂಡರ್ ಮಾತ್ರ ಬದಲಾಗಿಲ್ಲ. ಮೇ 16 ರಾಷ್ಟ್ರೀಯ ಡೆಂಗಿ ದಿನ, ಬ್ಯಾನರ್, ಜಾಥಾ. ಡೆಂಗಿ ಕೇಸು ಏರಿದ ಮೇಲೆ ಫಾಗಿಂಗ್.

ಈ ಫಾಗಿಂಗ್ ನೋಡಬೇಕು. ಈಡಿಸ್ ಕಚ್ಚುವುದು ಹಗಲು. ಹೊಗೆ ಗಾಡಿ ನಮ್ಮ ಬೀದಿಗೆ ಬರುವುದು ಕತ್ತಲಾದ ಮೇಲೆ. ಗಾಡಿ ಸದ್ದು ಕೇಳುತ್ತಲೇ ನಾವು ಕಿಟಕಿ ಮುಚ್ಚಿ ಮಂಚದ ಕೆಳಗಿನ ಸೊಳ್ಳೆಗಳನ್ನು ಕಾಪಾಡುತ್ತೇವೆ. ಟೈರಿನ ನೀರಲ್ಲಿರುವ ಮರಿಗಳಿಗೆ ಹೊಗೆ ಸೋಕುವುದೇ ಇಲ್ಲ. ಕೆಮ್ಮುವುದು ಬೀದಿ ನಾಯಿ. ಮರುದಿನದ ಪೇಪರಿನ ಫೋಟೋದಲ್ಲಿ ಹೊಗೆ ಮಾತ್ರ ತುಂಬಾ ಚೆನ್ನಾಗಿ ಬಂದಿರುತ್ತದೆ.