ರೂಢಿ ಅಂದ್ರ ಭಕ್ತಿ ಇಲ್ಲ ಅಂತಲ್ರಿ
ಮನೆತನದಿಂದ ಬಂದ ಪೂಜೆ ಬರೀ ರೂಢಿ, ಸ್ವಂತ ಹುಡುಕಾಟ ಇಲ್ಲದ ಕಡೆ ಭಕ್ತಿ ಹುಟ್ಟೂದಿಲ್ಲ ಅಂತ ಭಕ್ತಿ ಬಗ್ಗೆ ಬಂದ ಲೇಖನದಾಗ ಲೇಖಕರು ಬರೆದದ್ದನ್ನ ನಾ ಒಪ್ಪೂದಿಲ್ಲ. ನಮ್ಮದು ಹುನಗುಂದ ಕಡೆ. ನಮ್ಮಜ್ಜಿ ನಸುಕಿನಾಗ ಜಳಕ ಮಾಡಿ, ಹಣಿಗೆ ವಿಭೂತಿ ಹಚ್ಚಿ, ಇಷ್ಟಲಿಂಗ ಎಡ ಅಂಗೈ ಮ್ಯಾಲ ಇಟ್ಕೊಂಡು ಕೂಡ್ತಿದ್ಲು. ಜೋಳದ ಸುಗ್ಗಿಯಾಗ ಒಡೆದ ಕೈ, ಆದ್ರ ಲಿಂಗ ಹಿಡಿದಾಗ ಒಂದಿಷ್ಟೂ ಅಲುಗ್ತಿರಲಿಲ್ಲ. ಮಳಿ ಕೊಡು, ಮಗನಿಗೆ ನೌಕರಿ ಕೊಡು ಅಂತ ಬೇಡಿದ್ದು ನಾ ಒಂದಿನಾನೂ ಕೇಳಿಲ್ಲ. ಅವಳಿಗೆ ಅದು ಅವಳ ಅವ್ವನಿಂದ ಬಂದದ್ದು. ಬಂದದ್ದರ ಮುಂದ ದಿನಾ ಹೊಸದಾಗಿ ತಲಿ ಬಾಗಿಸೂದು ಹುಡುಕಾಟ ಅಲ್ಲೇನ್ರಿ?

ಲೇಖಕರೇ, ಬಸವಣ್ಣನವರು ಜನಿವಾರ ಬಿಟ್ಟರಲ್ಲ ಅಂತ ಉದಾಹರಣೆ ಕೊಟ್ಟೀರಿ. ಖರೆ. ಆದ್ರ 'ಎನಗಿಂತ ಕಿರಿಯರಿಲ್ಲ, ಶಿವಭಕ್ತರಿಗಿಂತ ಹಿರಿಯರಿಲ್ಲ' ಅಂತ 12ನೇ ಶತಮಾನದಾಗ ಹೇಳಿದವರೂ ಅವರ. ಅವರು ಬಿಟ್ಟದ್ದು ಮೇಲು-ಕೀಳನ್ನ, ಬಾಗೂದನ್ನಲ್ಲ. ಬಸವಣ್ಣನವರು ಐಕ್ಯರಾದ ಕೂಡಲಸಂಗಮದ ಐಕ್ಯಮಂಟಪ ನೋಡ್ರಿ, ಕೃಷ್ಣಾ-ಮಲಪ್ರಭಾ ಕೂಡೂ ಜಾಗ, ದರ್ಶನಕ್ಕ ಮೆಟ್ಟಿಲು ಇಳಿದು ಕೆಳಗ ಹೋಗಬೇಕು.

ಅಜ್ಜಿ ಕಲಿಸಿದಂಗ ನಾನೂ ದಿನಾ ಕೂಡ್ತೀನಿ. ಮನಸ್ಸು ಒಮ್ಮೊಮ್ಮೆ ನಿಲ್ಲೂದಿಲ್ಲ, ಕೈ ಇನ್ನೂ ಅಲುಗ್ತೈತಿ.