ಸ್ಪಷ್ಟನೆ: 2016ರ ತೀರ್ಪು ಸೋಲಾರ್ ಸಬ್ಸಿಡಿ ನಿಲ್ಲಿಸಿಲ್ಲ

'ಭಾರತದ ಸೋಲಾರ್ ಸಬ್ಸಿಡಿಯನ್ನು ವಿಶ್ವ ವ್ಯಾಪಾರ ಸಂಸ್ಥೆ 2016ರಲ್ಲೇ ರದ್ದು ಮಾಡಿದೆ, ಚಾವಣಿಗೆ ಪ್ಯಾನೆಲ್ ಹಾಕಿಸಿದರೆ ದುಡ್ಡು ಬರಲ್ಲ' ಎಂಬ ಮೆಸೇಜ್ ಓಡಾಡುತ್ತಿದೆ. ಮೊನ್ನೆ ನಾನೂ ಪೂರ್ತಿ ಓದದೆ ಬಡಾವಣೆಯ ಗ್ರೂಪಿಗೆ ಹಾಕಿಬಿಟ್ಟಿದ್ದೆ. ಆ ಮೆಸೇಜಿನಲ್ಲಿರುವುದು ತಪ್ಪು.

ಅಮೆರಿಕದ ದೂರಿನ ಮೇಲೆ ಬಂದ ಆ ತೀರ್ಪು ತಪ್ಪೆಂದದ್ದು ಸಬ್ಸಿಡಿಯನ್ನಲ್ಲ, ಒಂದು ಷರತ್ತನ್ನು: ರಾಷ್ಟ್ರೀಯ ಸೌರ ಮಿಷನ್ನಿನಡಿ ಸರ್ಕಾರಕ್ಕೆ ವಿದ್ಯುತ್ ಮಾರುವ ಕಂಪನಿಗಳು ದೇಶದಲ್ಲೇ ತಯಾರಾದ ಸೋಲಾರ್ ಸೆಲ್, ಮಾಡ್ಯೂಲ್ (ಅಂದರೆ ಪ್ಯಾನೆಲ್) ಬಳಸಬೇಕು ಎಂಬುದನ್ನು. ಇದರಿಂದ ವಿದೇಶಿ ಸರಕಿಗೆ ತಾರತಮ್ಯವಾಗುತ್ತದೆ ಎಂಬುದೇ ಅದರ ತಿರುಳು. ಮನೆ ಚಾವಣಿಯ ಸಹಾಯಧನದ ವಿಚಾರಣೆ ಅಲ್ಲಿ ನಡೆದೇ ಇಲ್ಲ.

2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮನೆಯ 3 ಕಿಲೋವ್ಯಾಟ್ ಘಟಕಕ್ಕೆ 78,000 ರೂಪಾಯಿ ಕೇಂದ್ರದ ನೆರವಿದೆ, ಪ್ಯಾನೆಲ್ ಮಾತ್ರ ಸ್ವದೇಶಿಯೇ ಆಗಿರಬೇಕು (ತಮಾಷೆ ನೋಡಿ, ಆ ತೀರ್ಪು ತಪ್ಪೆಂದದ್ದೂ ಇಂಥದೇ ಷರತ್ತನ್ನು!). ದಯವಿಟ್ಟು ಆ ಮೆಸೇಜನ್ನು ಇನ್ನು ಯಾರಿಗೂ ಕಳಿಸಬೇಡಿ.